ಬಾಕಾಹು ಡ್ರೈಯರ್: ಫ್ಯಾನ್ ಬದಲಿಸಿದ ಮೇಲೆ

ಕೊನೆಗೂ ಹುಡಿ ತಳಕ್ಕೆ ಇಳಿಯಿತು! ಒಂದು ಲೋಟ ತಣ್ಣೀರಿಗೆ ಒಂದು ಚಮಚ ಬಾಳೆಕಾಯಿ ಹುಡಿ (ಅದೇ ಬಾಕಾಹು) ಹಾಕಿ, ಕಲಕಿ ಇಟ್ಟೆ. ಸ್ವಲ್ಪ ಹೊತ್ತಿಗೆ ಬಿಳಿ ಪದರ ಕೆಳಗೆ ಕೂತಿತು, ಮೇಲಿನ ನೀರು ತೆಳ್ಳಗೇ ಉಳಿಯಿತು. ಹಿಂದಿನ ಹುಡಿಯೆಲ್ಲ ತಣ್ಣೀರಲ್ಲೇ ಲೋಳೆಯಾಗುತ್ತಿತ್ತು. ಅಂದರೆ ಪಿಷ್ಟ ಡ್ರೈಯರ್ ಒಳಗೇ ಬೆಂದುಹೋಗುತ್ತಿತ್ತು.

ಸಿಪ್ಪೆ ಹೆರೆಯೋದು, ಕೈಗೆ ಎಣ್ಣೆ ಸವರಿಕೊಳ್ಳೋದು ಎಲ್ಲ ನಿಮಗೆ ಗೊತ್ತಿರುವುದೇ. ಕರಾವಳಿ, ಮಲೆನಾಡಿನ ಎಷ್ಟೋ ಮನೆಗಳಲ್ಲಿ 2021ರಿಂದ ಬಾಕಾಹು ಮಾಡುತ್ತಿದ್ದಾರೆ. ನನ್ನ ತಲೆನೋವು ಬೆಂಗಳೂರಿನ ಜುಲೈ. ದಿನವಿಡೀ ಮೋಡ, ನಡುನಡುವೆ ಜಿಟಿಜಿಟಿ ಮಳೆ. ತಾರಸಿ ಮೇಲೆ ಒಣಗಿಸುವ ಮಾತೇ ಇಲ್ಲ. ಅದಕ್ಕೇ ಈ ಹೀಟರ್ ಪೆಟ್ಟಿಗೆ.

ಪಿಷ್ಟ ಬೆಂದರೆ ಏನಾಯಿತು ಅಂತ ಕೇಳಬಹುದು. ಅಡುಗೆ ಬಾಳೆಯಲ್ಲಿ ನೂರು ಗ್ರಾಂಗೆ ಸುಮಾರು 120 ಕ್ಯಾಲೊರಿ, 32 ಗ್ರಾಂ ಕಾರ್ಬೋಹೈಡ್ರೇಟ್, 500 ಮಿ.ಗ್ರಾಂ ಹತ್ತಿರ ಪೊಟ್ಯಾಸಿಯಂ ಇರುತ್ತದೆ. ಇವು ಬೆಂದರೂ ಹೆಚ್ಚು ಕಮ್ಮಿ ಉಳಿಯುತ್ತವೆ. ಆದರೆ ಹಸಿ ಕಾಯಿಯ ಪಿಷ್ಟದಲ್ಲಿ ದೊಡ್ಡ ಪಾಲು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಮುಂದಕ್ಕೆ ಹೋಗಿ, ನಾರಿನ ಕೆಲಸ ಮಾಡುತ್ತದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಬೆಂದರೆ ಆ ಗುಣ ಬಹುಪಾಲು ಹೋಗುತ್ತದೆ. ರೊಟ್ಟಿ ಮಾಡಿದರೂ ಹೋಗುತ್ತದಲ್ವಾ? ಹೌದು. ಅದಕ್ಕೇ ನಾನು ಮಜ್ಜಿಗೆಗೆ ಒಂದು ಚಮಚ ಹಸಿ ಹುಡಿ ಕಲಸಿ ಕುಡಿಯೋದು.

ಮೊದಲ ಕಾಟ ಬಣ್ಣದ್ದು. ಹೆಚ್ಚಿದ ಬಿಲ್ಲೆ ಗಾಳಿ ತಾಗಿದ ಕೂಡಲೇ ಕಪ್ಪಾಗುತ್ತದೆ. ಕುದಿಯುವ ನೀರಲ್ಲಿ ಅದ್ದಿ ತೆಗೆದರೆ ಕಪ್ಪಾಗಿಸುವ ಕಿಣ್ವ ಸಾಯುತ್ತದೆ, ಜೊತೆಗೆ ಪಿಷ್ಟವೂ ಬೇಯುತ್ತದೆ. ಹಾಗಾಗಿ ನಿಂಬೆಹುಳಿ ನೀರೇ ಗತಿ. ಹೆಚ್ಚಿದ್ದು ಹೆಚ್ಚಿದ ಹಾಗೇ ಅದರೊಳಗೆ ಬೀಳಬೇಕು. ಬಣ್ಣ ಸರಿಹೋಯಿತು, ಲೋಳೆ ಹೋಗಲಿಲ್ಲ.

ಆಮೇಲೆ ಟ್ರೇಗಳನ್ನು ಒಂದೊಂದಾಗಿ ನೋಡಿದೆ. ಕೆಳಗಿನ ಟ್ರೇಯ ಬಿಲ್ಲೆ ಸೀಮೆಸುಣ್ಣದ ಹಾಗೆ ಬಿಳಿ, ಉಗುರಲ್ಲಿ ಕೆರೆದರೆ ಪುಡಿ ಉದುರುತ್ತದೆ. ಮೇಲಿನ ಟ್ರೇಯದು ಹಳದಿ, ಗಟ್ಟಿ. ಬೆಳಕಿಗೆ ಹಿಡಿದರೆ ಹಿಂದಿನ ಬೆರಳು ಮಸುಕಾಗಿ ಕಾಣುತ್ತದೆ. ಅಲ್ಲಿಗೆ ಬೇರೆ ಥರ್ಮಾಮೀಟರ್ ತೂರಿಸಿದರೆ 70 ದಾಟಿತ್ತು! ಬಾಗಿಲ ಹತ್ತಿರದ ಡಿಸ್‌ಪ್ಲೇ ಮಾತ್ರ ಹಾಯಾಗಿ 55 ತೋರಿಸುತ್ತಿತ್ತು. ಬಾಳೆ ಪಿಷ್ಟ ಬೇಯುವುದು 70 ಡಿಗ್ರಿ ಆಸುಪಾಸಿನಲ್ಲೇ, ಅದೂ ಒಳಗೆ ನೀರಿದ್ದಾಗ. ಹಸಿ ಬಿಲ್ಲೆಗೆ ಇನ್ನೇನು ಬೇಕು?

ಕಾರಣ ಫ್ಯಾನ್. 'ಸಖತ್ ಗಾಳಿ ಸಾರ್, ಹತ್ತು ವರ್ಷ ತಿರುಗುತ್ತೆ' ಅಂತ ಎಸ್‌ಪಿ ರೋಡ್‌ನ ಅಂಗಡಿಯವರು ಕೊಟ್ಟಿದ್ದು. ಪೆಟ್ಟಿಗೆ ಬಿಸಿಯಾದಂತೆ ಅದು ನಿಧಾನವಾಗುತ್ತಿತ್ತು. ವಾಪಸ್ ಒಯ್ದರೆ ಬಿಲ್ ಕೇಳಿದರು. ಬಿಲ್ ಕೊಟ್ಟಿರಲೇ ಇಲ್ಲ! ಬೇರೆ ಕಡೆ ದೊಡ್ಡ ಫ್ಯಾನ್ ತಂದು ಹಾಕಿದೆ, ತೇವದ ಗಾಳಿ ಹೋಗಲು ಮೇಲೆ ಅಗಲವಾದ ತೂತು ಕೊರೆದೆ. ಗಾಳಿ ಚೆನ್ನಾಗಿ ಆಡಿದರೆ ನೀರು ಆರುತ್ತಾ ಬಿಲ್ಲೆಯನ್ನೂ ತಂಪಾಗಿಡುತ್ತದೆ. ಈಗ ಶುರುವಿಗೆ 50 ಡಿಗ್ರಿ, ಬಿಲ್ಲೆ ಟಕ್ ಅಂತ ಮುರಿಯುವ ಹೊತ್ತಿಗೆ 60. ಎಲ್ಲ ಟ್ರೇಯೂ ಬಿಳಿ.

ಇನ್ನುಳಿದ ಗೋಳು ಕಾಯಿಯದ್ದು. ಮಾರ್ಕೆಟ್‌ನಲ್ಲಿ ಹಸಿರು ಅಂತ ಕೊಡುವ ನೇಂದ್ರ ಒಳಗೆ ಹಣ್ಣಾಗಲು ಶುರುವಾಗಿರುತ್ತದೆ. ಪಿಷ್ಟ ಸಕ್ಕರೆಯಾಗಿ ಹುಡಿ ಮಿಕ್ಸಿಗೆ ಅಂಟುತ್ತದೆ. ಕೊಯ್ದ ದಿನವೇ ಹೆಚ್ಚಬೇಕೆಂದರೆ ನಾವೇ ಬೆಳೆಯಬೇಕು. ಹಿತ್ತಲಲ್ಲಿ ಬಟ್ಟೆ ಒಗೆದ ನೀರು ಹರಿಯದ, ಬಿಸಿಲು ಬೀಳುವ ಮೂಲೆ ಅಗೆದಿಟ್ಟಿದ್ದೇನೆ. ಬಾಳೆ ಮರವಲ್ಲ, ಗಿಡ. ಒಂದು ದಿಂಡು ಒಂದೇ ಗೊನೆ ಕೊಟ್ಟು ಮುಗಿಯುತ್ತದೆ, ಮುಂದಿನದು ಬುಡದಲ್ಲಿ ಏಳುವ ಮರಿಯಿಂದ, ಅಂದರೆ ಕಂದಿನಿಂದ. ಅದಕ್ಕೇ ಕಂದಿನ ವಿಷಯದಲ್ಲಿ ನಾನು ಬಿಗಿ. ನರ್ಸರಿಯವರು ಅಗಲ ಎಲೆಯ, ಬುಡ ತೆಳ್ಳಗಿನ ನೀರುಗಂದು ಕೊಡಲು ಬಂದರು. ನನಗೆ ಕತ್ತಿಯಂಥ ಎಲೆಯ, ದಪ್ಪ ಗಡ್ಡೆಯ ಕಂದೇ ಬೇಕು. ಕೆಂಗೇರಿ ಕಡೆ ಯಾರ ಹಿತ್ತಲಲ್ಲಾದರೂ ಅಂಥ ನೇಂದ್ರ ಕಂದಿದ್ದರೆ ಹೇಳಿ. ನಾನೇ ಬಂದು ಅಗೆದುಕೊಳ್ಳುತ್ತೇನೆ, ಒಂದು ಡಬ್ಬಿ ಬಿಳಿ ಹುಡಿ ತರುತ್ತೇನೆ.