ಚೀಟಿಗೆ ಕಾಗದ ಅಂಟಿಸಿದ ದಿನ

ಧಾರವಾಡದ ನಮ್ಮ ಪುಟ್ಟ ಗ್ಯಾಲರಿಗೆ ಶಾಲೆ ಮಕ್ಕಳು ಬಂದರೆ ಹನ್ನೆರಡು ನಿಮಿಷ ಇರುತ್ತಾರೆ. ಒಂದು ಸಲ ಗಡಿಯಾರ ನೋಡಿಯೇ ಲೆಕ್ಕ ಹಾಕಿದ್ದೆ. ಕೈ ಹಿಂದೆ ಕಟ್ಟಿಕೊಂಡು ಸಾಲಾಗಿ ಬರುತ್ತಾರೆ, ಗೋಡೆಗುಂಟ ಒಂದು ಸುತ್ತು ಹಾಕುತ್ತಾರೆ, ಹೊರಗೆ ಹೋಗಿ ತಮ್ಮ ತಮ್ಮ ಚಪ್ಪಲಿ ಹುಡುಕುತ್ತಾರೆ. ಅವರದ್ದೇನೂ ತಪ್ಪಿಲ್ಲ ಬಿಡಿ. ಅದೇ ದಿನ ಸಾಧನಕೇರಿ, ವಿಜ್ಞಾನ ಕೇಂದ್ರ, ಸಂಜೆಗೆ ಉಣಕಲ್ ಕೆರೆ ಎಲ್ಲಾ ಮುಗಿಯಬೇಕಲ್ವಾ.

ನನ್ನ ಕೆಲಸಕ್ಕೆ ಏನು ಹೆಸರು ಅನ್ನೋದು ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ಟೀಚರ್ ಅಲ್ಲ, ಗೈಡೂ ಅಲ್ಲ. ಯಾರಾದರೂ ಕೇಳಿದರೆ ಅವ್ವ "ಚಿತ್ರದ ಮನ್ಯಾಗ ಇರ್ತಾಳ" ಅಂದುಬಿಡುತ್ತಾಳೆ. ಊರವರೇ ಸೇರಿ ನಡೆಸುವ ಜಾಗ ಅದು. ಒಂದು ಹಳೇ ಮನೆ, ಎರಡು ಪಡಸಾಲೆ, ಮಳೆಗಾಲದಲ್ಲಿ ಒಂದು ಮೂಲೆ ಸೋರುತ್ತದೆ. ಚಿತ್ರಗಳಿಗೆ ಮಾತ್ರ ಕೊರತೆ ಇಲ್ಲ. ಡಿ.ವಿ. ಹಾಲಭಾವಿಯವರು 1935ರಲ್ಲಿ ಇಲ್ಲಿ ಸ್ಕೂಲ್ ಆಫ್ ಆರ್ಟ್ ಶುರು ಮಾಡಿದ ಮೇಲೆ ಈ ಊರಿಗೆ ಡ್ರಾಯಿಂಗ್ ಮಾಸ್ತರರ ಬರ ಬರಲಿಲ್ಲ. ಹೈಸ್ಕೂಲುಗಳಲ್ಲಿ ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುತ್ತಾ, ರಜೆಯಲ್ಲಿ ತಮ್ಮ ಖುಷಿಗೆ ಚಿತ್ರ ಬರೆದವರು ಎಷ್ಟೋ ಜನ. ಅಂಥವರ ಅಟ್ಟದಿಂದ ಇಳಿದ ಚಿತ್ರಗಳೇ ನಮ್ಮಲ್ಲಿ ಜಾಸ್ತಿ.

ಆ ಡಿಸೆಂಬರಿನಲ್ಲಿ ನನಗೆ ಒಂದು ವಿಷಯ ತಲೆ ತಿನ್ನುತ್ತಿತ್ತು. ಮಕ್ಕಳು ಚಿತ್ರ ನೋಡುತ್ತಿರಲಿಲ್ಲ, ಚಿತ್ರದ ಕೆಳಗಿನ ಚೀಟಿ ನೋಡುತ್ತಿದ್ದರು. "ಇದರಾಗ ಏನ್ ಕಾಣಸ್ತದ?" ಅಂತ ಕೇಳಿದರೆ ಸಾಕು, ಬಗ್ಗಿ ಚೀಟಿ ಓದಿ ಉತ್ತರ ಹೇಳುತ್ತಿದ್ದರು. ಹೇಳಿದ ಮೇಲೆ "ಕರೆಕ್ಟ್ ಏನ್ರಿ ಟೀಚರ್?" ಅನ್ನೋದು ಬೇರೆ. ಒಂದು ದಿನ ಬೆಳಿಗ್ಗೆ ತಲೆಕೆಟ್ಟು, ಹಳೇ ಕ್ಯಾಲೆಂಡರ್ ಹರಿದು ಎಲ್ಲ ಚೀಟಿಗೂ ಅಂಟಿಸಿಬಿಟ್ಟೆ.

ಅವತ್ತು ಬಂದಿದ್ದು ನವಲಗುಂದ ಕಡೆಯ ಹಳ್ಳಿಯೊಂದರ ಮಕ್ಕಳು, 38 ಜನ. ಜೊತೆಗೆ ಬಂದಿದ್ದ ಸರ್ ಒಳಗೆ ಬರುತ್ತಲೇ "ಲಗೂನ ಮುಗಸ್ರಿ ಮೇಡಂ, ಹೊಟ್ಟಿ ಹಸದಾವ" ಅಂದರು. ನಾನು ಅರ್ಧ ಮಕ್ಕಳನ್ನು ಕಸೂತಿ ಬಟ್ಟೆ ಇಟ್ಟಿದ್ದ ಮೇಜಿಗೆ ಕಳಿಸಿದೆ. ಅದನ್ನು ಮುಟ್ಟಬಹುದು, ತಿರುವಿ ಹಾಕಬಹುದು. ಗವಂತಿ ಹೊಲಿಗೆ ಎರಡೂ ಕಡೆ ಒಂದೇ ಥರ ಇರೋದರಿಂದ ಯಾವುದು ಹಿಂದು, ಯಾವುದು ಮುಂದು ಅಂತ ಜಗಳ ಆಡುತ್ತಾ ಸುಮಾರು ಹೊತ್ತು ಕಳೆಯುತ್ತಾರೆ. ಉಳಿದವರನ್ನು ಒಂದೇ ಒಂದು ಚಿತ್ರದ ಮುಂದೆ ನೆಲದ ಮೇಲೆ ಕೂರಿಸಿದೆ.

ಅದು ಜಲವರ್ಣದ ಚಿತ್ರ. ಎರಡು ಬಿಳಿ ಎತ್ತು, ಹಿಂದೆ ಒಬ್ಬ ರೈತ, ಕಾಲಡಿ ಎರೆಮಣ್ಣು, ಮೇಲೆ ಅರ್ಧಕ್ಕಿಂತ ಜಾಸ್ತಿ ಬರೀ ಆಕಾಶ. ಕಾಗದದ ಕೆಳಗೆ ಮುಚ್ಚಿಕೊಂಡಿದ್ದ ಹೆಸರು 'ಉಳುಮೆ'. ಆ ಹೆಸರು ಬರೆದವಳು ನಾನೇ. ಚಿತ್ರ ಬರೆದವರು ತೀರಿಕೊಂಡಿದ್ದರು, ಅದರ ಹಿಂದೆ ಹೆಸರೇನೂ ಬರೆದಿರಲಿಲ್ಲ.

"ಎರಡು ನಿಮಿಷ ಯಾರೂ ಮಾತಾಡಬ್ಯಾಡ್ರಿ. ಸುಮ್ನೆ ನೋಡ್ರಿ" ಅಂದೆ. ಎರಡು ನಿಮಿಷ ಎಷ್ಟು ಉದ್ದ ಅಂತ ಅವತ್ತು ಗೊತ್ತಾಯಿತು. ಸರ್ ಎರಡು ಸಲ ಕೆಮ್ಮಿದರು. ಬಾಯಿ ತೆರೆದು ಏನಾದರೂ ವಿವರಿಸಿಬಿಡೋಣ ಅಂತ ನನಗೇ ನಾಲಿಗೆ ತುರಿಸುತ್ತಿತ್ತು.

ಮೊದಲು ಮಾತಾಡಿದ್ದು ಎರಡು ಜಡೆಯ ಹುಡುಗಿ. "ಟೀಚರ್ರೀ, ಎತ್ತಿಗೆ ಬಣ್ಣಾನ ಹಚ್ಚಿಲ್ಲ." ಎಲ್ಲರೂ ನಕ್ಕರು. ಆದರೆ ಅವಳು ಹೇಳಿದ್ದು ನಿಜ. ಜಲವರ್ಣದಲ್ಲಿ ಬಿಳಿ ಬೇಕಾದ ಕಡೆ ಕಾಗದವನ್ನೇ ಖಾಲಿ ಬಿಡುತ್ತಾರೆ. ಸುತ್ತ ಮಣ್ಣು, ಆಕಾಶ ಬರೆದುಕೊಂಡು ಬಂದರೆ ನಡುವೆ ಉಳಿದಿದ್ದೇ ಎತ್ತು. ಹತ್ತಿರ ಕರೆದು ತೋರಿಸಿದೆ. ಡುಬ್ಬದ ಕೆಳಗೆ ಒಂದು ತೆಳು ನೀಲಿ ನೆರಳು, ಕೊಂಬಿಗೆ ಒಂದು ಗೆರೆ, ಅಷ್ಟೇ. ಅವಳು ಮೂಗು ತಾಗುವಷ್ಟು ಹತ್ತಿರ ಹೋದಳು, ಆಮೇಲೆ ಹಿಂದೆ ಹಿಂದೆ ಸರಿದು ಕಣ್ಣು ಸಣ್ಣ ಮಾಡಿ ನೋಡಿದಳು. ಹಾಗೆ ನೋಡು ಅಂತ ನಾನು ಹೇಳಿರಲಿಲ್ಲ.

ನಾನು ಗೆದ್ದೆ ಅಂದುಕೊಂಡು ನನ್ನ ಎಂದಿನ ಪಾಠಕ್ಕೆ ಇಳಿದೆ. "ನೋಡ್ರಿ, ಹೊಲ ಉಳಾಕತ್ತಾನ. ಅಲ್ಲಿ ಹಿಂದ ಬೂದಿ ಬಣ್ಣದ್ದು ಐತಲ್ಲ, ಅದು ಬುತ್ತಿ ಗಂಟು." ಎರಡು ವರ್ಷದಿಂದ ಬಂದ ಮಕ್ಕಳಿಗೆಲ್ಲ ಇದನ್ನೇ ಹೇಳುತ್ತಾ ಬಂದಿದ್ದೆ. ಬುತ್ತಿ ಅಂದ ಕೂಡಲೇ ರೊಟ್ಟಿ, ಶೇಂಗಾ ಚಟ್ನಿ ಅಂತ ಮಾತು ಬೆಳೆಯುತ್ತಿತ್ತು, ನನಗೂ ಅನುಕೂಲ.

ಹಿಂದೆ ಗೋಡೆಗೆ ಒರಗಿದ್ದ ಹುಡುಗ ಕೈ ಎತ್ತಲಿಲ್ಲ, ಕೂತಲ್ಲೇ ಅಂದ. "ಬುತ್ತಿ ಅಲ್ರಿ ಅದು. ಕಲ್ಲು."

"ಕಲ್ಲಾ?"

"ಕುಂಟಿ ಮ್ಯಾಲೆ ಭಾರಕ್ಕ ಇಟ್ಟಾರ. ಬುತ್ತಿ ಯಾಕ ಅಲ್ಲಿಡ್ತಾರ್ರೀ? ಬಿದ್ದ ಹೊಕ್ಕೇತಿ."

ಕುಂಟಿ ಅಂದರೆ ಉತ್ತ ಹೊಲದ ಮೇಲ್ಮಣ್ಣು ಹರಗಿ ಸಪಾಟು ಮಾಡುವ ಸಾಧನ; ನಮ್ಮ ಕಡೆ ನೇಗಿಲಿಗೆ ರಂಟಿ ಅಂತಾರೆ. ಅವನ ಪಕ್ಕದವನಿಗೂ ಧೈರ್ಯ ಬಂತು. "ಹೌದ್ರಿ, ರಂಟಿ ಆದ್ರ ಸಾಲು ಬೀಳ್ತಾವು. ಇಲ್ಲಿ ಸಾಲಿಲ್ಲ, ನೆಲ ಸಪಾಟ ಐತಿ." ಇನ್ನೊಬ್ಬನಿಗೆ ಅದು ಒಪ್ಪಿಗೆ ಆಗಲಿಲ್ಲ. ಸಾಲು ಬರೆಯೋಕೆ ಬೇಜಾರಾಗಿ ಬಿಟ್ಟಿರಬಹುದು ಅಂದ. ಅದಕ್ಕೆ ಮೊದಲಿನ ಹುಡುಗ ಎದ್ದು ಬಂದ. ಚಿತ್ರ ಮುಟ್ಟಬಾರದು ಅಂತ ಗೊತ್ತಿದ್ದರಿಂದ ಗಾಳಿಯಲ್ಲೇ ಬೆರಳಾಡಿಸಿ ತೋರಿಸಿದ. ರೈತನ ಮುಂದೆ ಅಡ್ಡಕ್ಕೆ ಅಗಲವಾಗಿ ಒಂದು ಕಂದು ಗೆರೆ ಇದೆ, ಅದು ಕುಂಟಿಯ ದಿಂಡು. ಅದರ ಮೇಲೆ ಬೂದಿ ಬಣ್ಣದ ಆ ಮುದ್ದೆ. ಕಲ್ಲಿನ ಭಾರ ಇರದಿದ್ದರೆ ಕುಡ, ಅಂದರೆ ಕುಂಟಿಯ ಕಬ್ಬಿಣದ ಅಲಗು, ಮಣ್ಣು ಕಚ್ಚದೆ ಮೇಲೆ ಮೇಲೆ ಜಾರಿ ಹೋಗುತ್ತದೆ.

ನನ್ನ ಮುಖ ಕೆಂಪಾಗಿದ್ದಕ್ಕೆ ಬೇರೆ ಕಾರಣ ಇತ್ತು. ನಾನು ಕುಂದಗೋಳ ಕಡೆಯ ರೈತರ ಮನೆಯವಳು. ಆರೇಳು ವರ್ಷದವಳಿದ್ದಾಗ ಅಪ್ಪ ಕುಂಟಿ ಹೊಡೆಯುವಾಗ ಆ ಕಲ್ಲಿನ ಜಾಗದಲ್ಲಿ ನನ್ನನ್ನೇ ಕೂರಿಸುತ್ತಿದ್ದ. ಧೂಳು ಮೂಗಿಗೆ ತುಂಬುತ್ತಿತ್ತು, ಎತ್ತಿನ ಬಾಲ ಮುಖಕ್ಕೆ ಬಡಿಯುತ್ತಿತ್ತು. ಆ ಮುದ್ದೆಯನ್ನು ಎರಡು ವರ್ಷ ದಿನಾ ನೋಡಿದ್ದೀನಿ. ಬುತ್ತಿ ಅಂದುಕೊಂಡೇ ನೋಡಿದ್ದೀನಿ.

ಅಷ್ಟರಲ್ಲಿ ಸರ್ ಕೂಡ ಚಿತ್ರದ ಮುಂದೆ ಬಂದು ನಿಂತಿದ್ದರು. "ಎತ್ತಿನ ಬಾಯಿಗೆ ಏನೂ ಕಟ್ಟಿಲ್ಲ. ಹಂಗಾರ ಹೊಲದಾಗ ಇನ್ನೂ ಬೆಳಿ ಇಲ್ಲ. ಬಿತ್ತೂಕಿಂತ ಮೊದಲಿಂದು" ಅಂತ ತಮಗೆ ತಾವೇ ಅಂದರು. ಹಸಿವಿನ ಮಾತು ಮತ್ತೆ ಬರಲಿಲ್ಲ. ಮಕ್ಕಳು ಹೊರಗೆ ಹೋದಾಗ ಗಡಿಯಾರ ನೋಡಿದೆ. 50 ನಿಮಿಷ ಆಗಿತ್ತು. ಉಳಿದ ಚಿತ್ರಗಳನ್ನು ಅರ್ಧ ಮಕ್ಕಳು ನೋಡಲೇ ಇಲ್ಲ. ಅದು ಸರಿಯೋ ತಪ್ಪೋ ಅಂತ ನಮ್ಮ ಕಮಿಟಿಯ ಹಿರಿಯರೊಬ್ಬರ ಜೊತೆ ನನ್ನ ವಾದ ಇನ್ನೂ ಮುಗಿದಿಲ್ಲ. ಅಷ್ಟು ದೂರದಿಂದ ಬಂದವರಿಗೆ ಎಲ್ಲಾ ತೋರಿಸಿ ಕಳಿಸಬೇಕು ಅನ್ನೋದು ಅವರ ಮಾತು.

ಸಂಜೆ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಬಿದ್ದು ಬಿದ್ದು ನಕ್ಕ. "ನೀ ಕಲ್ಲಿಗಿಂತ ಹಗೂರಿದ್ದಿ. ಅದಕ್ಕ ಆಮ್ಯಾಲೆ ಕಲ್ಲ ಇಡಾಕ ಹತ್ತಿದೆ" ಅಂದ.

ಚೀಟಿ ತೆಗೆದು 'ಉಳುಮೆ' ಹೊಡೆದು ಹಾಕಿ, ಪೆನ್ಸಿಲ್ಲಿನಲ್ಲಿ 'ಕುಂಟಿ ಹೊಡೆಯುವುದು' ಅಂತ ಬರೆದೆ. ಅದರ ಮೇಲೆ ಮತ್ತೆ ಕ್ಯಾಲೆಂಡರ್ ಕಾಗದ ಅಂಟಿಸಿದೆ. ಮರುದಿನ ಹುಬ್ಬಳ್ಳಿಯಿಂದ ಇನ್ನೊಂದು ಶಾಲೆ ಬಂತು. ಎಲ್ಲರಿಗಿಂತ ಮುಂದೆ ಬಂದ ಹುಡುಗ ಸೀದಾ ಅಲ್ಲಿಗೇ ಹೋಗಿ, ಕಾಗದ ಕಿತ್ತು, ಜೋರಾಗಿ ಓದಿದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ, "ಕರೆಕ್ಟ್ ಏನ್ರಿ ಮಿಸ್?"