ಗೋಬಿಯಲ್ಲಿ ಸಿಕ್ಕ ಜ್ಯೇಷ್ಠಮಧು

"ಅಜ್ಜಿ ಕೊಟ್ಟರು ಅಂತ ತಿಂದುಬಿಡೋದಾ? ನಿಮಗೆ ಬಿಪಿ ಇದೆಯಾ, ಮೊದಲು ಹೇಳಿ!"

ಪಕ್ಕದ ಮನೆ ಹುಡುಗಿ ನನ್ನನ್ನು ಗದರಿದ್ದು ಹೀಗೆ. ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನಲ್ಲಿ ಫಾರ್ಮಸಿ ಓದುತ್ತಾಳೆ, ರಜೆಗೆಂದು ಗೋಬಿ ಮರುಭೂಮಿಯ ಊರಾದ ನಮ್ಮ ಸೈನ್‌ಶಾಂಡ್‌ಗೆ ಬಂದಿದ್ದಾಳೆ. ನನ್ನ ಕೆಮ್ಮು ಗೋಡೆಯಾಚೆ ಕೇಳಿಸಿತೇನೋ, ಅವಳಜ್ಜಿ ಒಂದು ಬೇರು ಕೊಟ್ಟಿದ್ದರು. ಹೊರಗೆ ಕಂದು ಸಿಪ್ಪೆ, ಒಳಗೆ ಹಳದಿ ನಾರು. ಕಚ್ಚಿದರೆ ಮೊದಲು ಮಣ್ಣಿನ ರುಚಿ, ಆಮೇಲೆ ನಿಧಾನಕ್ಕೆ ಏರಿ ಬೇಗ ಇಳಿಯದ ಸಿಹಿ. ಅರೆ, ಜ್ಯೇಷ್ಠಮಧು! ಇಲ್ಲಿ 'ಚಿಖೆರ್ ಒವ್ಸ್' ಅನ್ನುತ್ತಾರೆ. ನಮ್ಮ ಗ್ರಂಧಿಗೆ ಅಂಗಡಿಯದರ ದಾಯಾದಿ.

ನಾನು ಸುಮ್ನೆ ಇರಲಿಲ್ಲ. ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗಹೃದಯ ಟಿಬೆಟನ್ ಭಾಷೆಗೆ ಹೋಗಿದ್ದು, ಟಿಬೆಟಿನ ವೈದ್ಯ ಲಾಮಾಗಳ ಜೊತೆ ಇಲ್ಲಿಗೆ ಬಂದಿದ್ದು, ನಮ್ಮ ವಾತ, ಪಿತ್ತ, ಕಫವೇ ಇಲ್ಲಿನ ಖೀ, ಶರ್, ಬದ್ಗನ್ ಆಗಿದ್ದು, ಎಲ್ಲಾ ಜಂಬದಿಂದ ಹೇಳಿದೆ.

"ಸರಿ, ದಿನಕ್ಕೆ ಎಷ್ಟು ತಿಂತೀರಿ?" ಅಂದಳು.

ಆ ಬೇರಿನ ಸಿಹಿ ಗ್ಲಿಸಿರೈಜಿನ್ ಎಂಬ ವಸ್ತುವಿನದಂತೆ, ಸಕ್ಕರೆಯ ಹತ್ತಾರು ಪಟ್ಟು. ಕರುಳಿನ ಬ್ಯಾಕ್ಟೀರಿಯಾ ಅದನ್ನು ಒಡೆದು ಗ್ಲಿಸಿರೆಟಿನಿಕ್ ಆಮ್ಲ ಮಾಡುತ್ತವೆ. ನಮ್ಮ ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಹಾರ್ಮೋನಿನ ಬಾಯಿ ಮುಚ್ಚಿಸುವ ಒಂದು ಕಿಣ್ವ ಇದೆ. ಈ ಆಮ್ಲ ಆ ಕಿಣ್ವವನ್ನೇ ತಡೆಯುತ್ತದೆ. ಆಗ ಕಾರ್ಟಿಸಾಲ್ ಹೋಗಿ ಆಲ್ಡೋಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನು ಮಾಡಬೇಕಾದ ಕೆಲಸಕ್ಕೆ ಕೈಹಾಕುತ್ತದೆ. ಉಪ್ಪು, ನೀರು ಮೈಯಲ್ಲೇ ಉಳಿಯುತ್ತವೆ, ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಬಿಪಿ ಏರುತ್ತದೆ. ಬಿಪಿಗೆ ಕೊಡುವ ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಕಳೆಯುವಂಥವೇ. ಎರಡೂ ಸೇರಿದರೆ ಹೃದಯದ ಬಡಿತಕ್ಕೇ ಕುತ್ತು. ಇದು ಹೊಸ ಸುದ್ದಿಯೂ ಅಲ್ಲ. 1940ರ ದಶಕದಲ್ಲೇ ರೆವರ್ಸ್ ಎಂಬ ಡಚ್ ವೈದ್ಯರು ಹೊಟ್ಟೆಹುಣ್ಣಿಗೆ ಇದರ ಸಾರ ಕೊಟ್ಟರು. ಹುಣ್ಣೇನೋ ಮಾಯಿತು, ಆದರೆ ಕೆಲವರಿಗೆ ಮೈ ಊದಿಕೊಂಡಿತು.

ಕೆಮ್ಮಿಗೆ ಒಂದೆರಡು ದಿನ ಚೀಪಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ವಾರಗಟ್ಟಲೆ ಬೇಡ ಅಂದಳು. ನಮ್ಮ ಕಡೆ ಹೀಗೆ ಲೆಕ್ಕ ಕೇಳುವವರು ಯಾರು? "ಗಿಡಮೂಲಿಕೆ ತಾನೆ, ಏನೂ ಆಗಲ್ಲ." ಬೆಳಿಗ್ಗೆ ಬಿಪಿ ಮಾತ್ರೆ, ಅದರ ಮೇಲೆ ವಾಟ್ಸಾಪಿನಲ್ಲಿ ಬಂದ ಕಷಾಯ.

ದೊಡ್ಡಪ್ಪ ನೆನಪಾದರು. ಊರಿನ ಭಜನೆಗೆ ಅವರದೇ ಗಂಟಲು. ಚರಣ ಮುಗಿದು ತಾಳ ಬೀಳುವಷ್ಟರಲ್ಲಿ ಜ್ಯೇಷ್ಠಮಧುವಿನ ತುಂಡು ಎಡಗೆನ್ನೆಯಿಂದ ಬಲಗೆನ್ನೆಗೆ ಸರಿಯುತ್ತಿತ್ತು. ಸಂಜೆಯಾದರೆ ಕಾಲು ಊದುತ್ತಿತ್ತು. ವಯಸ್ಸಾಯ್ತಲ್ಲ ಅಂದುಕೊಂಡೆವು. ವಯಸ್ಸೇ ಇರಬಹುದು.

ದೊಡ್ಡಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ನಕ್ಕರು. "ಅಲ್ಲಿ ಕೂತು ನಮಗೇ ಜ್ಯೇಷ್ಠಮಧು ಪಾಠ ಮಾಡ್ತೀಯೇನೋ? ಡಾಕ್ಟರು ಕೇಳಿದ್ರೆ ಹೇಳ್ತಿದ್ವಪ್ಪ. ಅವರು ಮಾತ್ರೆ ಬರೆಯೋದು ಬಿಟ್ಟು ಇನ್ನೇನು ಕೇಳಿದ್ದಾರೆ?"