ಕರಗುವ ಹಿಮದ ಸದ್ದು

ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಇಯರ್‌ಫೋನ್ ಹಾಕ್ಕೊಂಡು ಹಿಮನದಿ ಕರಗುವ ರೆಕಾರ್ಡಿಂಗ್ ಕೇಳಿದೆ. ಸಮುದ್ರದ ನೀರೊಳಗೆ ಮೈಕ್ ಇಳಿಸಿ ಹಿಡಿದ ಸದ್ದು.

ಮಂಜುಗಡ್ಡೆ ಸುಮ್ನೆ ಕರಗುತ್ತೆ ಅಂದುಕೊಂಡಿರ್ತೀವಿ ಅಲ್ವಾ? ಇಲ್ಲ. ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ ಚಟಪಟ, ಬಿಡುವೇ ಇಲ್ಲ. ಹಿಮದ ಮೇಲೆ ಹಿಮ ಬಿದ್ದು ಗಟ್ಟಿಯಾಗುವಾಗ ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು ಎಷ್ಟೋ ಕಾಲ ಒತ್ತಡದಲ್ಲೇ ಇದ್ದು, ಗಡ್ಡೆ ಕರಗಿದ ಕೂಡಲೇ ಒಂದೊಂದಾಗಿ ಒಡೆಯುವ ಸದ್ದು ಅದು. ಅಂಟಾರ್ಕ್ಟಿಕಾದಲ್ಲಿ ಆಳಕ್ಕೆ ಕೊರೆದು ತೆಗೆದ ಇಂಥ ಗುಳ್ಳೆಗಳಿಂದಲೇ ವಿಜ್ಞಾನಿಗಳು 8 ಲಕ್ಷ ವರ್ಷಗಳ ಗಾಳಿಯನ್ನು ಅಳೆದಿದ್ದಾರೆ. ಕೈಗಾರಿಕೆಗಳು ಬರುವ ತನಕ, ಭೂಮಿಯನ್ನು ಬಿಸಿ ಮಾಡುವ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 300 ಭಾಗ ಮೀರಿರಲಿಲ್ಲ. ಈಗ 420 ದಾಟಿದೆ.

ಇದನ್ನೆಲ್ಲ ಒಪೆರಾ, ಅಂದ್ರೆ ಸಂಗೀತ ನಾಟಕ, ಮಾಡಿದವರಿದ್ದಾರೆ. ಅಲಾಸ್ಕಾದಲ್ಲಿ ಹುಟ್ಟಿದ ಸಂಗೀತಗಾರ ಮ್ಯಾಥ್ಯೂ ಬರ್ಟ್ನರ್, ತಾಳವಾದ್ಯದ ಸ್ಕಾಟ್ ಡೀಲ್ ಜೊತೆ ಸೇರಿ 2012ರಲ್ಲಿ ‘ಔಕ್ಸಲಾಕ್’ ತಂದರು. ಕಲಾವಿದರು ಬೇರೆ ಬೇರೆ ಊರಲ್ಲಿದ್ದುಕೊಂಡೇ ಇಂಟರ್ನೆಟ್‌ನಲ್ಲಿ ಒಟ್ಟಿಗೆ ನುಡಿಸಿದ್ದು. ಉತ್ತರ ಧ್ರುವದ ಆರ್ಕ್ಟಿಕ್ ಕರಗುವ ಕತೆಗೆ ಇದಕ್ಕಿಂತ ಒಳ್ಳೆ ರಂಗಸ್ಥಳ ಇಲ್ಲ ಅನ್ನಿಸ್ತು, ಯಾಕಂದ್ರೆ ಹೊಗೆ ಬಿಡೋದು ಎಲ್ಲೋ, ಕರಗೋದು ಇನ್ನೆಲ್ಲೋ.

ಕಾರ್ಬನ್ ಡೈಆಕ್ಸೈಡ್ ಏರಿದ ಗ್ರಾಫ್ ನೋಡಿದಾಗ ನನಗೆ ಬರೀ ಗಾಬರಿ ಆಗ್ತಿತ್ತು. ಈ ಸದ್ದು ಕೇಳಿ ಆ ಹಿಮದ ಮೇಲೆ ಪ್ರೀತಿ ಹುಟ್ಟಿತು. ವಿಜ್ಞಾನಕ್ಕೆ ಸಂಗೀತ ಜಾಸ್ತಿ ಜಾಸ್ತಿ ಬೇಕು ಕಣ್ರೀ. ನಿಮ್ಮಲ್ಲಿ ಹಾಡೋರು, ನಾಟಕ ಮಾಡೋರು ಇದ್ದರೆ ಒಮ್ಮೆ ಇಂಥ ರೆಕಾರ್ಡಿಂಗ್ ಹುಡುಕಿ ಕೇಳಿ, ಆಮೇಲೆ ಮಾತಾಡೋಣ.